ಕೋಳಿಯ ಅಂಗಿ, ಮೇಷ್ಟ್ರ ಕಾಲರು

ಗಂಡಸಾದವನಿಗೆ ಹೊಟ್ಟೆಕಿಚ್ಚು ಬರುವುದು ಪಕ್ಕದ ಅಂಗಡಿಯವನ ಮೇಲೆ, ಜೊತೆಯಲ್ಲಿ ಓದಿದವನ ಮೇಲೆ, ಹೆಚ್ಚೆಂದರೆ ಷಡ್ಡಕನ ಮೇಲೆ. ಕಟ್ಟಿಕೊಂಡ ಹೆಂಡತಿಯ ಮೇಲೆಯೇ ಹೊಟ್ಟೆಕಿಚ್ಚು ಪಟ್ಟ ಮಹಾನುಭಾವರೆಂದರೆ ಕಾಲರ್ ಮೇಷ್ಟ್ರು. ಅದೂ ಒಂದು ಕೋಳಿಯ ದೆಸೆಯಿಂದ.

ಇವರು ಪಾಠ ಹೇಳುವ ಮೇಷ್ಟ್ರಲ್ಲ, ಬಟ್ಟೆ ಹೊಲಿಯುವ ಮೇಷ್ಟ್ರು. ಇಕ್ಕಟ್ಟಾದ ಬೀದಿಯೊಂದರಲ್ಲಿ ಬೀಗ ರಿಪೇರಿಯವನಿಗೂ ಔಷಧಿ ಅಂಗಡಿಗೂ ನಡುವೆ ಅವರದು ಮುಂದೆ ಅಂಗಡಿ, ಹಿಂದೆ ಮನೆ. ಉದ್ದನೆಯ ಕತ್ತರಿಸುವ ಮೇಜು, ಎರಡು ಹೊಲಿಗೆ ಯಂತ್ರ, ಆಳೆತ್ತರದ ಕನ್ನಡಿ, ಇಷ್ಟೇ ಸಂಪತ್ತು. ಪ್ಯಾಂಟು ಕೋಟು ಯಾರು ಬೇಕಾದರೂ ಹೊಲಿದಾರು, ಮೇಷ್ಟ್ರ ಕೈಯ ಕಾಲರು ಮಾತ್ರ ಇನ್ನೊಬ್ಬರಿಗೆ ಬಾರದು. ಎಷ್ಟು ಒಗೆದರೂ ತುದಿ ಮೇಲೇಳುವುದಿಲ್ಲ, ಮೇಲಿನ ಗುಂಡಿ ಹಾಕಿದರೂ ಕತ್ತು ಹಿಡಿಯುವುದಿಲ್ಲ. ಒಳಗೆ ಇಡುವ ಬಕ್ರಮ್ ಎಂಬ ಗಡಸು ಬಟ್ಟೆಯಲ್ಲಿ ಗುಟ್ಟಿದೆ ಎಂದು ಕೆಲವರು, ಇಸ್ತ್ರಿಯಲ್ಲಿದೆ ಎಂದು ಕೆಲವರು. ಮೇಷ್ಟ್ರು ಬಾಯಿ ಬಿಟ್ಟವರಲ್ಲ. ಕಾಲರು ಕತ್ತರಿಸುವ ಹೊತ್ತಿಗೆ ಗಿರಾಕಿಯೋ ಕೆಲಸ ಕಲಿಯುವವನೋ ಒಳಗಿದ್ದರೆ ಅವನಿಗೆ ಬೆನ್ನು ಮಾಡಿ ನಿಂತು ಕತ್ತರಿಸುವರು. ಕೆಲಸ ಕಲಿಯಲು ಬಂದವರು ತೋಳು ಕಲಿತರು, ಜೇಬು ಕಲಿತರು, ಕಲಿತು ತಮ್ಮ ಪಾಡಿಗೆ ತಾವು ಅಂಗಡಿ ಇಟ್ಟರು. ಕಾಲರು ಕಲಿತು ಹೋದವನು ಒಬ್ಬನೂ ಇಲ್ಲ.

ಮೇಷ್ಟ್ರ ಹೆಂಡತಿ ಒಳಬದಿಯ ಕಿಟಕಿಯ ಹತ್ತಿರ ಸ್ಟೂಲು ಹಾಕಿಕೊಂಡು ಕಾಜಾ ಮಾಡುತ್ತಿದ್ದಳು. ಎಂದರೆ ಗುಂಡಿ ತೂರುವ ಸೀಳಿನ ಸುತ್ತ ದಾರ ಕಟ್ಟುವ ಕೆಲಸ. ಮದುವೆಯಾದ ಹೊಸದರಲ್ಲಿ ಕೂತವಳು, ಮಗಳು ಬೆಳೆದು ಬಸ್ಸು ಓಡಿಸುವ ಕೆಲಸಕ್ಕೆ ಸೇರಿದರೂ ಅಲ್ಲೇ ಕೂತಿದ್ದಳು. ದಾರ ತೆಗೆಯುವ ಮುಂಚೆ ಒಂದು ಸಲ ಎತ್ತಿ ತೋರಿಸಿ, "ರೀ, ಈ ನೀಲಿ ಸರಿ ಆಗುತ್ತಾ?" ಎಂದು ಕೇಳುವುದು ಅವಳ ರೂಢಿ. ಸರಿಯಾಗಿಯೇ ಇರುತ್ತಿತ್ತು. ಆದರೂ ಮೇಷ್ಟ್ರು ಕನ್ನಡಕ ಏರಿಸಿ, ಬೆಳಕಿಗೆ ಹಿಡಿದು ನೋಡಿ, "ಹೂಂ, ನಡೆಯುತ್ತೆ" ಅನ್ನುವರು. ಆ "ನಡೆಯುತ್ತೆ" ಅನ್ನುವುದರಲ್ಲಿ ಅವರಿಗೊಂದು ಸುಖ ಇತ್ತು.

ಇಂಥ ನೆಮ್ಮದಿಯ ಸಂಸಾರದೊಳಕ್ಕೆ ಕೋಳಿ ಬಂತು.

ಮಗಳು ಯಾರದೋ ಮುಚ್ಚಿದ ಅಂಗಡಿಯಿಂದ ಹಳೆಯ ಒತ್ತು ಯಂತ್ರವೊಂದನ್ನು ಹೊತ್ತು ತಂದಳು. ಕಾಗದದಲ್ಲಿ ಅಚ್ಚು ಹಾಕಿದ ಚಿತ್ರವನ್ನು ಬಟ್ಟೆಯ ಮೇಲಿಟ್ಟು, ಕಾದ ಹಲಗೆಯಿಂದ ಒತ್ತಿದರೆ ಚಿತ್ರ ಬಟ್ಟೆಗೆ ಅಂಟಿಕೊಳ್ಳುತ್ತದೆ. ಕಾಜಾ ಮಾಡಿ ಮಾಡಿ ಅಮ್ಮನ ಕಣ್ಣು ಹೋಗುತ್ತದೆ, ಇದನ್ನಾದರೂ ಮಾಡಲಿ ಎಂಬುದು ಮಗಳ ಲೆಕ್ಕಾಚಾರ. ಅಮ್ಮನ ಫೋನಿಗೆ ಯಾರೋ ಒಂದು ಚಿತ್ರ ಕಳಿಸಿದ್ದರು. ಒಂದು ಕೋಳಿ. ರೆಕ್ಕೆಯಲ್ಲಿ ಕೊಡೆ ಹಿಡಿದಿದೆ, ಒಂದು ಕಾಲು ಎತ್ತಿದೆ, ಮುಂದಿನ ನೀರಿನ ಗುಂಡಿಯನ್ನು ನೋಡುತ್ತಿದೆ. ಅದರ ಮುಖ ನೋಡಬೇಕು, ಮದುವೆ ಮನೆಯಲ್ಲಿ ಕೊನೆ ಪಂಕ್ತಿಗೆ ಕೂರಿಸಿದ ದೊಡ್ಡತ್ತೆಯ ಮುಖ. ಅಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಅದನ್ನೇ ಮಗಳ ಬಿಳಿ ಅಂಗಿಯ ಎದೆಗೆ ಒತ್ತಿಬಿಟ್ಟಳು. ಮಗಳು ಅದನ್ನು ಹಾಕಿಕೊಂಡು ಪೇಟೆ ಸುತ್ತಿ ಬಂದಳು. ಮಾರನೆಯ ವಾರಕ್ಕೆಲ್ಲ ಬೀದಿಗೆ ಬೀದಿಯೇ ಕೋಳಿ ಕೇಳಿಕೊಂಡು ಬಂತು.

"ಕೋಳಿ ಅಂಗಡಿ ಇದೇನಾ?"

ಬಾಗಿಲಲ್ಲಿ ನಿಂತು ಹೀಗೆ ಕೇಳಿದವನು ಕಾಲೇಜು ಓದುವ ವಯಸ್ಸಿನವನು. ಮೇಷ್ಟ್ರ ಬಾಯ ತುಂಬ ಗುಂಡುಸೂಜಿ ಇದ್ದದ್ದರಿಂದ ಅವನು ಬದುಕಿದ. ಹೆಬ್ಬೆರಳಿನಿಂದ ಒಳಗೆ ತೋರಿಸಿ ಸುಮ್ಮನಾದರು. ಒಳಗಿನಿಂದ ನಗು ಕೇಳಿಸಿತು. ಆಮೇಲೆ ಇನ್ನೊಬ್ಬರು ಬಂದರು, ಅವರೂ ನಕ್ಕರು. ಇಷ್ಟು ವರ್ಷದಲ್ಲಿ ಮೇಷ್ಟ್ರ ಕಾಲರು ನೋಡಿ ಯಾರಾದರೂ ನಕ್ಕಿದ್ದುಂಟೆ? ನಗುವುದು ಹಾಳಾಗಲಿ, ಬೀದಿಯಲ್ಲಿ ಹೋಗುವವನ ಕಾಲರನ್ನು ತಿರುಗಿ ನೋಡಿದವರುಂಟೆ? ಒಳ್ಳೆಯ ಕಾಲರಿನ ಹಣೆಬರಹವೇ ಅಷ್ಟು, ಚೆನ್ನಾಗಿದ್ದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಇದನ್ನು ಅವರು ಮೊದಲೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಈಗ ಅದೇ ಮಾತು ಗಂಟಲಲ್ಲಿ ಮುಳ್ಳಾಯಿತು.

ಉರಿಯುವುದಕ್ಕೆ ತುಪ್ಪ ಹಾಕಿದವರು ಬ್ಯಾಂಕಿನ ಯಜಮಾನರು. ಅವರು ಹಳೆಯ ಗಿರಾಕಿ, ಮೇಷ್ಟ್ರ ಕಾಲರಿಲ್ಲದೆ ಬ್ಯಾಂಕಿನ ಮೆಟ್ಟಿಲು ಹತ್ತಿದವರಲ್ಲ. ಹೊಗಳಿಕೆ ಎಂದರೆ "ಆಯ್ತು" ಎಂಬ ಒಂದೇ ಮಾತು. ಅಂಥವರು ಅಂಗಿ ತೆಗೆದುಕೊಳ್ಳಲು ಬಂದವರು ಒಳಗಿನ ಮೇಜಿನ ಮೇಲೆ ಆರಲು ಹರಡಿದ್ದ ಕೋಳಿಗಳನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕು, "ಏನಮ್ಮಾ ನಿಮ್ಮ ಕೈಚಳಕ" ಎಂದರು. ಮೊಮ್ಮಗಳಿಗೆಂದು ಒಂದು ಕೊಂಡರು. ತಮಗೆಂದು ಇನ್ನೊಂದು ಕೊಂಡರು. ಹೋಗುವಾಗ ಮೇಷ್ಟ್ರು ಹೊಲಿದ ಅಂಗಿಯನ್ನು ಮೇಜಿನ ಮೇಲೇ ಮರೆತು ಹೋದರು.

ಕೈಚಳಕವಂತೆ. ಮೇಷ್ಟ್ರು ಅಂದು ಊಟಕ್ಕೆ ಕೂತು ಕಲಸಿದ ಅನ್ನವನ್ನೇ ಕಲಸುತ್ತಿದ್ದರು. ಕೋಳಿ ಬರೆದವಳು ಇವಳಲ್ಲ, ಅಂಗಿ ಹೊಲಿದವಳು ಇವಳಲ್ಲ, ಅಂಗಿಗಳು ಸಗಟು ಅಂಗಡಿಯವು. ಹಲಗೆ ಎತ್ತಿ ಹಲಗೆ ಇಳಿಸುವುದಕ್ಕೆ ಕೈಚಳಕ ಎನ್ನುವುದಾದರೆ ಬಾಗಿಲು ತೆಗೆದು ಮುಚ್ಚುವವನೂ ಕಲಾವಿದನೇ. ಅವರು ಅನ್ನುವುದು ನ್ಯಾಯವಾಗಿಯೇ ಇತ್ತು. ಆದರೆ ಹೊಟ್ಟೆಕಿಚ್ಚಿನವನ ಬಾಯಲ್ಲಿ ನ್ಯಾಯವೂ ಕಹಿಯಾಗುತ್ತದೆ, ಆದ್ದರಿಂದ ಅವರು ಅದನ್ನು ಹೊರಗೆ ಹೇಳಲೂ ಆಗದೆ ನುಂಗಲೂ ಆಗದೆ ಕೂತಿದ್ದರು.

"ಅಪ್ಪಾ, ತನ್ನ ಕೋಳಿ ಕೂಗದಿದ್ರೆ ಊರಿಗೆ ಬೆಳಗಾಗಲ್ಲ ಅಂತ ಒಬ್ಬ ಅಜ್ಜಿ ಅಂದ್ಕೊಂಡಿದ್ಲಂತೆ. ನಿಂದೂ ಹಂಗೇ ಆಯ್ತು ನೋಡು," ಎಂದು ಮಗಳು ಕೆಣಕಿದಳು.

"ಇಲ್ಲಿ ಕೂಗ್ತಿರೋದು ನಿನ್ನಮ್ಮನ ಕೋಳಿ ಕಣಮ್ಮ, ನಂದಲ್ಲ," ಎಂದು ಮೇಷ್ಟ್ರು ಕೈ ತೊಳೆದರು.

ದೇವರು ಕಣ್ಣು ಬಿಟ್ಟಿದ್ದು ವಕೀಲೆಯ ರೂಪದಲ್ಲಿ. ಆಕೆ ಕರಿಕೋಟಿನ ತೋಳು ಗಿಡ್ಡ ಮಾಡಿಸಲು ಬಂದವಳು, ಅಳತೆ ಕೊಡುತ್ತ ನಿಂತಾಗ ಒಳಗೆ ನೇತುಹಾಕಿದ್ದ ಕೋಳಿ ಕಣ್ಣಿಗೆ ಬಿತ್ತು.

"ಚೆನ್ನಾಗಿದೆಯಲ್ಲ. ಯಾರು ಬರೆದಿದ್ದು?"

"ಯಾರೂ ಬರೆದಿದ್ದಲ್ಲ. ಫೋನಲ್ಲಿ ಬಂತು," ಎಂದರು ಮೇಷ್ಟ್ರು.

"ಫೋನೇನು ಮೊಟ್ಟೆ ಇಡುತ್ತಾ ಮೇಷ್ಟ್ರೇ? ಯಾರೋ ಒಬ್ಬರು ಕೂತು ಬರೆದಿರ್ತಾರೆ. ಬರೆದೋರಿಗೆ ಅದರ ಹಕ್ಕು ಇರುತ್ತೆ. ಕೇಳದೆ ತಗೊಂಡು ಬಟ್ಟೆ ಮೇಲೆ ಹಾಕಿ ಮಾರಿದ್ರೆ, ಆತ ನಾಳೆ ನೋಟಿಸು ಕಳಿಸಬಹುದು."

ಮೇಷ್ಟ್ರ ಟೇಪು ಆಕೆಯ ಮೊಣಕೈ ಹತ್ತಿರ ನಿಂತುಹೋಯಿತು. "ಬಣ್ಣ ಸ್ವಲ್ಪ ಬದಲಾಯಿಸಿದ್ರೆ?"

"ಕದ್ದ ಕೋಟಿಗೆ ಗುಂಡಿ ಬದಲಾಯಿಸಿದ ಹಾಗೆ."

"ಬರೆದವನ ಹೆಸರು ಕೆಳಗೆ ಹಾಕಿದ್ರೆ?"

"ಒಪ್ಪಿಗೆ ಇಲ್ದೆ ಹೆಸರು ಮಾತ್ರ ಹಾಕಿದ್ರೆ, ಯಾರ ಮನೇಲಿ ಕದ್ದೆ ಅಂತ ನೀವೇ ಬರೆದು ಕೊಟ್ಟ ಹಾಗಾಯ್ತು. ಮನೇಲಿ ಒಂದು ಮಾಡ್ಕೊಂಡು ತಾವೇ ಹಾಕ್ಕೊಂಡ್ರೆ ಯಾರೂ ಬಂದು ಬಾಗಿಲು ತಟ್ಟಲ್ಲ. ಮಾರೋಕೆ ನಿಂತಾಗ ಬೇರೆ ಮಾತು."

ಮೇಷ್ಟ್ರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಆದರೆ ಸಂತೋಷದ ನಡುವೆಯೂ ಒಂದು ಆಸೆ ತಲೆ ಎತ್ತಿತು. "ಹಾಗಾದ್ರೆ ನನ್ನ ಕಾಲರನ್ನ ಯಾರಾದ್ರೂ ನೋಡಿ ಹಂಗೇ ಹೊಲಿದ್ರೆ, ನಾನೂ ನೋಟಿಸು ಕಳಿಸಬಹುದಾ?"

ವಕೀಲೆ ನಕ್ಕಳು. "ಅಂಗಿ ಕತ್ತರಿಸೋ ರೀತಿಗೆಲ್ಲ ಯಾರೂ ಬೇಲಿ ಹಾಕೋಕಾಗಲ್ಲ ಮೇಷ್ಟ್ರೇ. ಕಾಲರ್ ಎಲ್ಲರದ್ದೂ."

ನೋಡಿ ಲೋಕದ ನ್ಯಾಯ. ಕೊಡೆ ಹಿಡಿದ ಕೋಳಿಗೆ ಒಡೆಯನಿದ್ದಾನೆ, ಕಾನೂನಿದೆ. ಜೀವ ತೇಯ್ದು ಕೂರಿಸಿದ ಕಾಲರು ದಾರಿಯ ಮೇಲಿನ ಕಲ್ಲು. ಮೇಷ್ಟ್ರಿಗೆ ಒಂದು ಗಳಿಗೆ ಆ ಕೋಳಿಯ ಮೇಲೆಯೇ ಹೊಟ್ಟೆ ಉರಿಯಿತು. ಆದರೂ ಕೈಗೆ ಸಿಕ್ಕಿದ ಆಯುಧವನ್ನು ಬಿಡುವುದುಂಟೆ? ವಕೀಲೆ ಬೀದಿ ದಾಟುವ ಮೊದಲೇ ಒಳಗೆ ಹೋಗಿ, ಸತ್ತ ಸುದ್ದಿ ಹೇಳುವವರ ಮುಖ ಮಾಡಿಕೊಂಡು ಎಲ್ಲ ಹೇಳಿದರು.

ಹೆಂಡತಿ ಯಂತ್ರದ ಸ್ವಿಚ್ಚು ಆರಿಸಿದಳು. "ಹೌದೇನ್ರೀ? ನಂಗೆ ತಿಳೀಲೇ ಇಲ್ಲ. ಎಲ್ಲರ ಕೈಲೂ ಇತ್ತು, ಎಲ್ಲರ ಕೈಲಿರೋದು ಯಾರದ್ದೂ ಅಲ್ಲ ಅಂದ್ಕೊಂಡೆ." ಅವಳ ಮುಖ ಸಪ್ಪಗಾಯಿತು. "ಪಾಪ, ಬರೆದೋರು ನೋಡಿದ್ರೆ ಏನಂದ್ಕೊಳ್ತಾರೋ."

ಅಂದಿನಿಂದ ಕೋಳಿ ನಿಂತಿತು. ಕೇಳಿಕೊಂಡು ಬಂದವರನ್ನು ಅವಳೇ ವಾಪಸು ಕಳಿಸಿದಳು. ಕಿಟಕಿಯ ಹತ್ತಿರ ಕೂತು ಮೊದಲಿನಂತೆ ದಾರ ಎತ್ತಿ, "ರೀ, ಈ ಕಂದು ಸರಿ ಆಗುತ್ತಾ?" ಎಂದಳು. ಮೇಷ್ಟ್ರು ಬೆಳಕಿಗೆ ಹಿಡಿದು, "ನಡೆಯುತ್ತೆ" ಎಂದರು. ಲೋಕ ಮತ್ತೆ ತನ್ನ ಜಾಗಕ್ಕೆ ಬಂದು ಕೂತಿತ್ತು. ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ಕಥೆಯೇ ಮುಗಿಯುತ್ತಿತ್ತು. ಗೆದ್ದವನಿಗೆ ದೊಡ್ಡತನ ತೋರಿಸುವ ಚಟ ಇರುತ್ತದಲ್ಲ, ಅದು ಮೇಷ್ಟ್ರನ್ನು ಹಿಡಿಯಿತು.

"ಅಷ್ಟು ಬೇಜಾರಿದ್ರೆ ಬರೆದವನನ್ನೇ ಹುಡುಕಿ ಕೇಳು. ಕಳ್ಳತನ ಬೇಡ ಅಂದೆ, ಕೇಳ್ಬೇಡ ಅನ್ನಲಿಲ್ಲ," ಎಂದರು ಧಾರಾಳವಾಗಿ. ಅಂಥ ದೊಡ್ಡ ಕಲಾವಿದ ಇಂಥ ಸಣ್ಣ ಬೀದಿಯ ಹೆಂಗಸಿಗೆ ಉತ್ತರ ಕೊಡುವುದುಂಟೆ ಎಂಬ ಧೈರ್ಯ ಅವರಿಗೆ. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡರು ಎನ್ನುವುದು ಇದಕ್ಕೇ.

ಮಗಳು ಫೋನಿಗೆ ಚಿತ್ರವನ್ನೇ ತೋರಿಸಿ, ಇದು ಎಲ್ಲೆಲ್ಲಿದೆ ಹುಡುಕು ಎನ್ನುವುದನ್ನು ಅಮ್ಮನಿಗೆ ಕಲಿಸಿಕೊಟ್ಟಳು. ಕೋಳಿ ಎಷ್ಟೋ ಕೈ ದಾಟಿ ಬಂದಿತ್ತು, ಯಾರೋ ಪುಣ್ಯಾತ್ಮರು ನಡುವೆ ಅದರ ಅಂಚನ್ನೇ ಕತ್ತರಿಸಿದ್ದರು. ಹುಡುಕಿ ಹುಡುಕಿ ಕೊನೆಗೆ ಇಡೀ ಚಿತ್ರ ಸಿಕ್ಕಿತು. ನೀರಿನ ಗುಂಡಿಯ ಕೆಳಗೆ ಬರೆದವನ ಹೆಸರಿತ್ತು. ಕಡಲಾಚೆಯ ಯಾವುದೋ ಊರಿನವನು, ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವವನು. ಹೆಂಡತಿ ಕೂತು ಬರೆದಳು. ತಿಳಿಯದೆ ಹಾಕಿದ್ದೇನೆ, ಇಷ್ಟು ಮಾರಿದ್ದೇನೆ, ತಿಳಿದ ಮೇಲೆ ನಿಲ್ಲಿಸಿದ್ದೇನೆ, ತಪ್ಪಾಯಿತು, ನೀವು ಒಪ್ಪಿದರೆ ಮುಂದುವರಿಸುತ್ತೇನೆ, ಇಲ್ಲದಿದ್ದರೆ ಇಲ್ಲ. ಅವಳ ಮಾತನ್ನು ಫೋನೇ ಅವನ ಭಾಷೆಗೆ ತಿರುಗಿಸಿ ಕಳಿಸಿತು.

ಅವನು ಉತ್ತರ ಕೊಟ್ಟ. ಕೊಟ್ಟದ್ದಷ್ಟೇ ಅಲ್ಲ, ಖುಷಿಯಾಗಿ ಕೊಟ್ಟ. ಅವನ ಕೋಳಿಯನ್ನು ಕೇಳದೆ ಹೊತ್ತುಕೊಂಡು ಹೋದವರು ಊರು ತುಂಬ ಇದ್ದಾರಂತೆ, ಕೇಳಿದವಳು ಇವಳೊಬ್ಬಳೇ ಅಂತೆ. ಮನೆಯಲ್ಲಿ ನಿಮ್ಮ ಕೈಯಿಂದ ಆಗುವಷ್ಟು ಮಾಡಿ ಮಾರಿಕೊಳ್ಳಿ, ಕಾರ್ಖಾನೆಗೆ ಕೊಡಬೇಡಿ, ನೀರಿನ ಗುಂಡಿಯ ಕೆಳಗೆ ನನ್ನ ಹೆಸರು ಇರಲಿ, ನನಗೆ ನಿಮ್ಮ ಮನೆಯಲ್ಲೇ ಹೊಲಿದ ಒಂದು ಕೋಳಿ ಅಂಗಿ ಕಳಿಸಿ, ಅಷ್ಟು ಸಾಕು ಎಂದು ಬರೆದಿದ್ದ.

ಯಂತ್ರ ಮತ್ತೆ ಬಿಸಿಯಾಯಿತು. ಜೊತೆಗೆ ಮೇಷ್ಟ್ರೂ.

ಮೊದಲಿನದು ಬರಿ ಹೊಟ್ಟೆಕಿಚ್ಚು, ಈಗಿನದಕ್ಕೆ ಏನು ಹೆಸರಿಡಬೇಕೋ ತಿಳಿಯದು. ಹೆಂಡತಿ ತಾನು ಒತ್ತಿದ ಅಂಗಿಯ ಫೋಟೋ ತೆಗೆದು ಚಿತ್ರದವನಿಗೆ ಕಳಿಸುವಳು. ಅವನು ಕೆಂಪು ಕಮ್ಮಿ ಮಾಡಿ ಅನ್ನುವನು. ಇವಳು ಕಮ್ಮಿ ಮಾಡುವಳು. ಒಂದು ದಿನ ಅವನು ಇವಳಿಗೆಂದೇ ಹೊಸದೊಂದು ಕೋಳಿ ಬರೆದು ಕಳಿಸಿದ, ಗಾಳಿಗೆ ಕೊಡೆ ಉಲ್ಟಾ ಆಗಿ ಕೋಳಿ ಸಿಟ್ಟಿನಿಂದ ನೋಡುತ್ತಿರುವುದು. ಇವಳು ಒಬ್ಬಳೇ ಕೂತು ಫೋನು ನೋಡಿ ನಕ್ಕಳು. ಗಂಡ ಎದುರಿಗಿರುವಾಗ ಹೆಂಡತಿ ಫೋನು ನೋಡಿ ನಕ್ಕರೆ, ಅದು ಕೋಳಿಯನ್ನೇ ನೋಡಿ ನಕ್ಕದ್ದಾದರೂ, ಗಂಡನ ಎದೆಯಲ್ಲಿ ಸೂಜಿ ಮುರಿಯುತ್ತದೆ.

"ಇವಳೇ, ಆ ನೀಲಿ ಹಾಕು, ಕೊಡೆಗೆ ಹೊಂದುತ್ತೆ," ಎಂದರು ಮೇಷ್ಟ್ರು ಒಮ್ಮೆ, ಅಂಗಿಯ ಅಂಚಿಗೆ ಅವಳು ದಾರ ಆರಿಸುತ್ತಿದ್ದಾಗ. ಯಾರೂ ಕೇಳಿರಲಿಲ್ಲ.

"ಅವರು ನೀಲಿ ಬೇಡ ಅಂದ್ರು ರೀ. ಬೂದು ಹಾಕಿ ಅಂದಿದ್ದಾರೆ."

ಅವರು. ಬೇಡ ಅಂದ್ರು. ಮೇಷ್ಟ್ರು ಹೊರಗೆ ಹೋಗಿ ಬೀಗದವನ ಅಂಗಡಿಯ ಮುಂದೆ ಸುಮ್ಮನೆ ನಿಂತು ಬಂದರು. ಇಷ್ಟು ವರ್ಷ ಬೆಳಕಿಗೆ ಹಿಡಿದು ನೋಡಿ "ನಡೆಯುತ್ತೆ" ಅಂದದ್ದೆಲ್ಲ ಒಂದೇ ಮಾತಿನಲ್ಲಿ ಮೂಲೆಗೆ ಹೋಗಿತ್ತು. ಕೋಳಿ ಬೇಕಾದರೆ ಅವನದಾಗಲಿ, ಕಾನೂನು ಹೇಳುತ್ತದೆ. ಇವಳು ದಾರ ಎತ್ತಿ ತೋರಿಸುವುದು ತನಗೆ, ಅದರ ಹಕ್ಕು ಯಾವ ಪುಸ್ತಕದಲ್ಲಿದೆ? ವಕೀಲೆಯನ್ನು ಕೇಳೋಣವೆಂದರೆ ನಾಚಿಕೆ.

ಅಷ್ಟರಲ್ಲಿ ಅವನ ಅಂಗಿಯ ಅಳತೆ ಬಂತು.

"ಇದನ್ನ ನೀವೇ ಹೊಲೀಬೇಕು. ಸಗಟು ಅಂಗಿ ಬೇಡ. ಆತ ಒಂದ್ಸಲ ನಿಮ್ಮ ಕಾಲರ್ ಹಾಕ್ಕೊಂಡು ನೋಡ್ಲಿ," ಎಂದಳು ಹೆಂಡತಿ. ಅವಳ ಧ್ವನಿಯಲ್ಲಿ ನಿಜವಾದ ಹೆಮ್ಮೆ ಇತ್ತು. ಹೊಟ್ಟೆಕಿಚ್ಚಿಗೆ ಕಿವಿ ಮಂದ, ಮೇಷ್ಟ್ರಿಗೆ ಅದು ಕೇಳಿಸಲಿಲ್ಲ.

ದರ್ಜಿಗೆ ಅಳತೆ ಕೊಡುವುದೆಂದರೆ ಮೈಯನ್ನೇ ಒಪ್ಪಿಸಿದ ಹಾಗೆ. ಮೇಷ್ಟ್ರು ಅಂಕಿಗಳನ್ನು ನೋಡಿದರು, ಆಸಾಮಿ ಎದುರಿಗೆ ಬಂದು ನಿಂತ. ಅವನೊಬ್ಬ ಗುಡಾಣ ಹೊಟ್ಟೆಯ ಮುದುಕನಾಗಿರಲಿ ಎಂದು ಅವರು ಹರಸಿಕೊಂಡಿದ್ದರು. ಹಾಳಾದವನಿಗೆ ಹೊಟ್ಟೆಯೇ ಇಲ್ಲ. ಉದ್ದ ತೋಳು, ಸಪೂರ ಕತ್ತು, ಕೂತು ಬರೆದೂ ಬರೆದೂ ಒಂದು ಹೆಗಲು ಕೊಂಚ ಇಳಿದಿದೆ. ಮೇಷ್ಟ್ರು ಕನ್ನಡಿಯಲ್ಲಿ ತಮ್ಮ ಹೊಟ್ಟೆಯನ್ನು ಒಮ್ಮೆ ನೋಡಿಕೊಂಡು, ಟೇಪನ್ನು ಕೊರಳಿಗೆ ಹಾಕಿಕೊಂಡರು.

ಅಂಗಿಯನ್ನು ಚೆನ್ನಾಗಿಯೇ ಹೊಲಿದರು. ಇಳಿದ ಹೆಗಲಿಗೆ ಹೊಂದುವಂತೆ ಬೆನ್ನು ಕತ್ತರಿಸಿದರು, ತೋಳು ಕೂರಿಸಿದರು. ಕಾಲರಿಗೆ ಬಂದಾಗ ಕತ್ತರಿ ಹಿಡಿದು ಸ್ವಲ್ಪ ಹೊತ್ತು ನಿಂತರು. ಆಮೇಲೆ ಕತ್ತಿನ ಪಟ್ಟಿಯನ್ನು ಕೊಟ್ಟ ಅಳತೆಗಿಂತ ಒಂದಿಷ್ಟು ಕಮ್ಮಿ ಕತ್ತರಿಸಿದರು. ಜಾಸ್ತಿ ಅಲ್ಲ. ಗುಂಡಿ ಹಾಕಲಾಗದಷ್ಟು ಬಿಗಿಯಾದರೆ ಹೊಲಿದವನ ತಪ್ಪೆಂದು ಗೊತ್ತಾಗುತ್ತದೆ. ಇದು ಹಾಗಲ್ಲ. ಹಾಕಿದಾಗ ಸರಿಯಾಗಿದೆ ಅನ್ನಿಸಬೇಕು, ಮಧ್ಯಾಹ್ನದ ಹೊತ್ತಿಗೆ ಏನೋ ಕಿರಿಕಿರಿ, ಸಂಜೆಯ ಹೊತ್ತಿಗೆ ಯಾರ ಮೇಲೋ ಸಿಟ್ಟು, ಯಾಕೆಂದು ತಿಳಿಯಬಾರದು. ಬೇರೆ ಕಸುಬಿನವನು ಬೈಯುತ್ತಾನೆ, ಹೊಡೆಯುತ್ತಾನೆ. ದರ್ಜಿಯ ಸೇಡು ಇಷ್ಟು ಸಣ್ಣದು, ಇಷ್ಟು ನೀಟು. ಕಾಲರಿನ ಒಳಗೆ ತಮ್ಮ ಹೆಸರಿನ ಚೀಟಿಯನ್ನು ಎಂದಿನಂತೆ ಹೊಲಿದು, ಕಾಜಾ ಮಾಡಲು ಹೆಂಡತಿಯ ಮಡಿಲಿಗೆ ಹಾಕಿದರು.

ಅವಳು ಕಾಜಾ ಮಾಡಿ, ಎದೆಗೆ ಕೋಳಿ ಒತ್ತಿ, ಮಡಿಚಿ, ಅಂಚೆಗೆ ಕೊಟ್ಟು ಬಂದಳು.

ಆಮೇಲಿನ ದಿನಗಳಲ್ಲಿ ಮೇಷ್ಟ್ರು ಬಹಳ ಮೃದುವಾದರು. ಹೆಂಡತಿ ಫೋನು ನೋಡಿ ನಕ್ಕರೂ ಮುಖ ಗಂಟಿಕ್ಕಲಿಲ್ಲ. ಕಡಲಾಚೆ ಯಾವುದೋ ಕೋಣೆಯಲ್ಲಿ ಒಬ್ಬ ಹೊಟ್ಟೆಯಿಲ್ಲದ ಮನುಷ್ಯ ಕುಂಚ ಹಿಡಿದು ಕೂತವನು ಮತ್ತೆ ಮತ್ತೆ ಕೊರಳಿಗೆ ಕೈ ಹಾಕುತ್ತಿರುವುದು ಅವರಿಗೆ ಇಲ್ಲಿಂದಲೇ ಕಾಣುತ್ತಿತ್ತು.

ಒಂದು ಮಧ್ಯಾಹ್ನ ಮೇಷ್ಟ್ರು ಗಿರಾಕಿಯಿಲ್ಲದೆ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದಾಗ ಹೆಂಡತಿ ಫೋನು ಹಿಡಿದು ಬಂದಳು.

"ಅಂಗಿ ತಲುಪಿತಂತೆ. ನಿಮಗೇ ಬರೆದಿದ್ದಾರೆ. ಓದ್ತೀನಿ ಕೇಳಿ."

ಮೇಷ್ಟ್ರು ಎಣ್ಣೆಯ ಡಬ್ಬಿ ಕೆಳಗಿಡದೆ ಕೇಳಿದರು.

"'ಮೇಷ್ಟ್ರಿಗೆ ನಮಸ್ಕಾರ. ನಾನು ಮೇಲಿನ ಗುಂಡಿ ಹಾಕುವವನೇ ಅಲ್ಲ. ಯಾವ ಅಂಗಿ ಹಾಕಿದರೂ ಕತ್ತು ಹಿಸುಕಿದಂತಾಗುತ್ತದೆ. ನಿಮ್ಮ ಅಂಗಿಯ ಗುಂಡಿ ಹಾಕಿಕೊಂಡು ಬೆಳಗಿನಿಂದ ಕೆಲಸ ಮಾಡಿದೆ, ಹಾಕಿಕೊಂಡದ್ದೇ ಮರೆತುಹೋಯಿತು. ಕಾಲರು ಎಂದರೆ ಇದು ಎಂದು ನನಗೆ ಈ ವಯಸ್ಸಿನಲ್ಲಿ ತಿಳಿಯಿತು.'"

ಸುಳ್ಳು ಎಂದುಕೊಂಡರು ಮೇಷ್ಟ್ರು. ಮರ್ಯಾದೆಗೆ ಬರೆದಿದ್ದಾನೆ. ಆದರೆ ಹೆಂಡತಿ ಫೋನು ತಿರುಗಿಸಿ ಫೋಟೋ ತೋರಿಸಿದಳು. ಕೋಳಿ ಅಂಗಿ ಹಾಕಿಕೊಂಡ ತೆಳ್ಳನೆಯ ಮನುಷ್ಯ, ಮೇಲಿನ ಗುಂಡಿ ಹಾಕಿದೆ, ಕಾಲರಿನೊಳಗೆ ತಮಾಷೆಗೆ ಒಂದು ಬೆರಳು ತೂರಿಸಿ ನಗುತ್ತಿದ್ದಾನೆ. ಬೆರಳು ಆರಾಮವಾಗಿ ಕೂತಿತ್ತು. ಮೇಷ್ಟ್ರು ಫೋನು ಕಿತ್ತುಕೊಂಡು ಚಿತ್ರವನ್ನು ದೊಡ್ಡದು ಮಾಡಿ ನೋಡಿದರು. ತುದಿಗಳು ಕೆಳಗೆ ಬಾಗಿ ಕೂತಿವೆ. ಅಂಚಿನ ಹೊಲಿಗೆ ಎಲ್ಲೂ ಅಲುಗಿಲ್ಲ. ಕಾಲರಿನ ಒಳಪದರ ಹೊರಪದರಕ್ಕಿಂತ ಒಂದು ಕೂದಲೆಳೆ ಸಣ್ಣದಿದ್ದರೆ ಮಾತ್ರ ಹಾಗೆ ಬಾಗುತ್ತದೆ, ಅದೇ ಅವರು ಯಾರಿಗೂ ಹೇಳದ ಗುಟ್ಟು. ಕಾಲರು ಅವರದೇ. ಆದರೆ ಅವರು ಹೊಲಿದು ಕೊಟ್ಟ ಕಾಲರು ಅದಲ್ಲ.

ಅವರು ತಲೆ ಎತ್ತಿದರು. ಹೆಂಡತಿ ಅವರನ್ನೇ ನೋಡುತ್ತಿದ್ದಳು.

"ಕಾಜಾಕ್ಕೆ ಕೂತಾಗ ಪಟ್ಟಿ ಅಳೆದೆ. ಕಮ್ಮಿ ಇತ್ತು," ಎಂದಳು. "ನೀವು ಅಳತೆ ತಪ್ಪೋರಲ್ಲ."

ತಾವು ಹೊಲಿದ ಒಂದೊಂದು ಅಂಗಿಯೂ ಮೊದಲು ಅವಳ ಬೆರಳ ಸಂದಿನಲ್ಲಿ ಹಾದು ಆಮೇಲೆ ಹೊರಗೆ ಹೋಗುತ್ತದೆ ಎಂಬುದು, ಇಷ್ಟು ದಿನ ಸೇಡಿನ ಸವಿ ನೋಡುತ್ತಿದ್ದ ಮನುಷ್ಯನಿಗೆ ಈಗ ಹೊಳೆಯಿತು.

"ಬಿಚ್ಚಿ ಬೇರೆ ಕಾಲರ್ ಕತ್ತರಿಸಿ ಹಾಕಿದೆ. ಯಾಕೆ ಕಮ್ಮಿ ಮಾಡಿದ್ರಿ ಅಂತ ನಾನು ಕೇಳಲ್ಲ. ನಿಮ್ಮ ಹೆಸರಿನ ಚೀಟಿ ಹೊತ್ತುಕೊಂಡು ಅಂಥ ಕಾಲರ್ ಹೊರಗೆ ಹೋಗೋದು ನಂಗೆ ಬೇಕಿರ್ಲಿಲ್ಲ."

"ಯಾರು ಕಲಿಸಿದ್ರು ನಿಂಗೆ?" ಎಂದರು ಮೇಷ್ಟ್ರು.

"ಯಾರು ಕಲಿಸ್ತಾರೆ? ಕಾಲರ್ ಕತ್ತರಿಸೋವಾಗ ನೀವು ಗಿರಾಕಿಗೆ ಬೆನ್ನು ಹಾಕ್ತಿದ್ರಿ ರೀ. ನಂಗಲ್ಲ."

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಕಿಟಕಿಯ ಹತ್ತಿರ ಸ್ಟೂಲಿನ ಮೇಲೆ ಕೂತ ಗಿಡವನ್ನು ಮೇಷ್ಟ್ರು ಗಿಡವೆಂದೇ ಎಣಿಸಿರಲಿಲ್ಲ. ಕಲಿಯಲು ಬಂದವರೆಲ್ಲರ ಕಣ್ಣಿಗೆ ಮರೆಮಾಡಿದ್ದನ್ನು ಅವಳ ಮುಖದೆದುರಿಗೇ ಹರಡಿ, ದಿನವೂ ಕತ್ತರಿಸಿ, ದಿನವೂ ಹೊಲಿದಿದ್ದರು. ಅವಳು ಎಷ್ಟು ಕಾಲದಿಂದ ಹೊಲಿಯಬಲ್ಲಳೋ, ಯಾಕೆ ಒಂದು ಸಲವೂ ಬಾಯಿ ಬಿಡಲಿಲ್ಲವೋ. ಇಷ್ಟು ಹೊತ್ತು ಕೋಳಿ ಹೋಯಿತು, ದಾರ ಹೋಯಿತು ಎಂದು ಉರಿಯುತ್ತಿದ್ದ ಮನುಷ್ಯನಿಗೆ ಉಳಿದದ್ದೊಂದು ಕಾಲರು, ಅದೂ ತನ್ನೊಬ್ಬನದಲ್ಲ ಎಂದು ತಿಳಿಯಿತು. ತಪ್ಪು ಮಾಡಿದವನು ತಾನು, ನಾಚಿಕೆಯಾಗಬೇಕಿತ್ತು. ನಾಚಿಕೆಯೂ ಆಯಿತು. ಆದರೆ ಅದಕ್ಕಿಂತ ಮುಂಚೆ, ಅದಕ್ಕಿಂತ ಜೋರಾಗಿ, ಹೊಟ್ಟೆ ಉರಿಯಿತು.

"ಇನ್ನೂ ಇದೆ. ಓದ್ಲಾ?" ಎಂದಳು ಹೆಂಡತಿ.

"ಓದು."

"'ಆ ಕಾಲರು ನೋಡಿದ ಮೇಲೆ ನನ್ನ ಕೋಳಿಗೂ ಅಂಥದೊಂದು ಹಾಕದೆ ಇರಲಾಗಲಿಲ್ಲ. ಬರೆದು ಇದರ ಜೊತೆ ಕಳಿಸಿದ್ದೇನೆ. ಮುಂದಿನ ಪುಸ್ತಕದ ರಟ್ಟಿನ ಮೇಲೆ ಇದೇ ಕೋಳಿ ಬರಲಿ ಎಂದು ಆಸೆ. ಚಿತ್ರ ನನ್ನದು, ಕಾಲರು ನಿಮ್ಮದು. ನೀವು ಹೂಂ ಎನ್ನದೆ ನಾನು ಇದನ್ನು ಯಾರಿಗೂ ತೋರಿಸುವುದಿಲ್ಲ. ಒಪ್ಪುವುದಾದರೆ ನಿಮ್ಮ ಹೆಸರನ್ನು ನನ್ನ ಹೆಸರಿನ ಪಕ್ಕದಲ್ಲಿ ಹಾಕುತ್ತೇನೆ.'"

ಅವಳು ಚಿತ್ರ ತೆಗೆದು ತೋರಿಸಿದಳು. ಕೋಳಿಯ ಕೊರಳಲ್ಲಿ ಬೆಳ್ಳನೆಯ ಕಾಲರು, ಮೇಲಿನ ಗುಂಡಿ ಹಾಕಿದೆ, ತುದಿಗಳು ಹದವಾಗಿ ಬಾಗಿವೆ. ಕೋಳಿ ಈಗ ನೀರಿನ ಗುಂಡಿಯನ್ನು ನೋಡುತ್ತಿರಲಿಲ್ಲ, ಕತ್ತು ನೀಳ ಮಾಡಿ ಎದುರಿಗೆ ನೋಡುತ್ತಿತ್ತು. ಬೀದಿಯಲ್ಲಿ ಹೋಗುವ ಯಾರೂ ತಿರುಗಿ ನೋಡದ ಕಾಲರನ್ನು ಈ ಮನುಷ್ಯ ಕೂತು, ನೋಡಿ, ಅರ್ಥ ಮಾಡಿಕೊಂಡು ಬರೆದಿದ್ದ. ಮೇಷ್ಟ್ರ ಕಣ್ಣು ತುಂಬಿತು. ಇದಕ್ಕೇ ಅಲ್ಲವೆ ಜೀವ ತೇಯ್ದದ್ದು. ಎಲ್ಲ ಊರಿನ ಮಕ್ಕಳು ಪುಸ್ತಕ ತೆಗೆದರೆ ಮೊದಲು ಕಾಣುವುದು ಆ ಕಾಲರು, ಕೆಳಗೆ ತಮ್ಮ ಹೆಸರು. ಹೂಂ ಅಂದರೆ ಸಾಕು.

"ಹೂಂ ಅಂತ ಬರೀಲಾ? ನಿಮ್ಮ ಕಾಲರೇ ತಾನೇ ರೀ. ನಾನು ನೋಡಿ ಮಾಡಿದ್ದಷ್ಟೆ," ಎಂದಳು ಹೆಂಡತಿ. ಅವಳು ಮನಸಾರೆ ಹೇಳುತ್ತಿದ್ದಳು. ಜೀವಮಾನವಿಡೀ ಅವಳು ಈ ವಿಷಯ ಇನ್ನೊಬ್ಬರ ಹತ್ತಿರ ಎತ್ತುವುದಿಲ್ಲ ಎಂದು ಮೇಷ್ಟ್ರಿಗೆ ಗೊತ್ತಿತ್ತು. ಅದು ಗೊತ್ತಿದ್ದದ್ದೇ ಕಷ್ಟವಾಯಿತು.

ಅವರು ಮತ್ತೆ ಆತನ ಫೋಟೋ ತೆರೆದು ಆ ಕಾಲರನ್ನು ಮೂಲೆಯಿಂದ ಮೂಲೆಗೆ ಹುಡುಕಿದರು. ಒಂದು ಎಳೆ ಹೆಚ್ಚುಕಮ್ಮಿ ಸಿಕ್ಕರೂ ಸಾಕಿತ್ತು, ಇದು ನಕಲು ಎನ್ನಲು, ನನ್ನದಾದರೆ ಹೀಗಿರುತ್ತಿರಲಿಲ್ಲ ಎನ್ನಲು. ಸಿಗಲಿಲ್ಲ.

"ಹೂಂ ಅನ್ನೋಕೆ ನಾನ್ಯಾರು?" ಎಂದರು ಕೊನೆಗೆ. "ಆತ ಹಾಕ್ಕೊಂಡಿರೋ ಕಾಲರ್ ನಾನು ಹೊಲಿದಿದ್ದಲ್ಲ. ನಾನು ಹೊಲಿದಿದ್ದು ಅವನ ಕತ್ತು ಹಿಸುಕ್ತಿತ್ತು, ಬೇಕಂತಲೇ ಬಿಗಿ ಮಾಡಿದ್ದೆ. ಹಂಗಂತಲೇ ಬರಿ."

"ಅದೆಲ್ಲ ಬರೆಯಲ್ಲ. ಅದು ಮನೆ ಮಾತು."

"ಹಾಗಾದ್ರೆ ಹೊಲಿದೋಳು ನೀನು, ಹೂಂ ಅನ್ನೋದೂ ನೀನೇ ಅಂತ ಬರಿ. ಹೆಸರೂ ನಿಂದೇ ಹಾಕ್ಲಿ."

ಅವಳು ಸ್ಟೂಲು ಎಳೆದುಕೊಂಡು ಕೂತು, ಒಂದೊಂದೇ ಅಕ್ಷರ ಒತ್ತಿ ಬರೆದಳು. ಬರೆದು ಮುಗಿಸಿ, ಕಳಿಸುವ ಮುಂಚೆ, ಫೋನನ್ನು ಅವರ ಕಡೆ ಎತ್ತಿ ಹಿಡಿದಳು.

"ರೀ, ಸರಿಯಾಗಿದೆಯಾ?"

ಮೇಷ್ಟ್ರು ಕನ್ನಡಕ ಏರಿಸಿದರು. ಅಂಗಡಿಯ ಫಲಕದ ಮೇಲಾಗಲಿ, ಅಂಗಿಯ ಚೀಟಿಯ ಮೇಲಾಗಲಿ ಇಷ್ಟು ವರ್ಷದಲ್ಲಿ ಎಲ್ಲಿಯೂ ಬರೆಸದಿದ್ದ ಅವಳ ಹೆಸರು ಅಲ್ಲಿ ಪೂರ್ತಿಯಾಗಿತ್ತು. ಓದಿದಾಗ ಹೊಟ್ಟೆಯೊಳಗೆ ಆ ಕಿಚ್ಚು ಮತ್ತೆ ಎದ್ದಿತು, ಆರುವ ಲಕ್ಷಣವೇನೂ ಇರಲಿಲ್ಲ. ಅದು ಉರಿಯುತ್ತಿದ್ದ ಹಾಗೆಯೇ ಅವರು ಅಕ್ಷರ ಅಕ್ಷರವಾಗಿ ಇನ್ನೊಮ್ಮೆ ಓದಿ ನೋಡಿದರು.

"ಸರಿಯಾಗಿದೆ," ಎಂದರು. "ಕಳಿಸು."